ಉಲ್ಸಾನ್ ಕಪ್ ಕಳೆದುಕೊಂಡಿದ್ದು ಒಂದು ಗೋಲಿಗಾ, ಪಕ್ಕದೂರಿಗಾ? (ಕೆ-ಲೀಗ್ 2019)

ಕೆಂಪುಕಾರ್ಡ್ ಕಿಟ್ಟಿ
ಮೊನ್ನೆ ಭಾನುವಾರ ಮಾಡಲು ಕೆಲಸ ಇರಲಿಲ್ಲ. 2019ರ ಕೊರಿಯಾ ಫುಟ್‌ಬಾಲ್ ಲೀಗ್‌ನ (ಕೆ-ಲೀಗ್) ಕೊನೇ ದಿನದ ವಿಡಿಯೊ ಹಾಕಿಕೊಂಡು ಕೂತೆ. ನೋಡಿ ಮುಗಿಯುವಷ್ಟರಲ್ಲಿ ಹೊಟ್ಟೆ ಉರಿದುಹೋಯಿತು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 2019ರ ಡಿಸೆಂಬರ್ 1. 38ನೇ ಸುತ್ತು, ಅಂದರೆ ಕೊನೇದು. ಉಲ್ಸಾನ್ ಹ್ಯುಂಡೈ 79 ಅಂಕ, ಜಿಯೊನ್‌ಬುಕ್ ಹ್ಯುಂಡೈ ಮೋಟರ್ಸ್ 76. ಉಲ್ಸಾನ್‌ಗೆ ತನ್ನೂರಲ್ಲೇ ಪಂದ್ಯ, ಎದುರಾಳಿ ಪಕ್ಕದೂರಿನ ಪೊಹಾಂಗ್ ಸ್ಟೀಲರ್ಸ್. ಡ್ರಾ ಆದರೂ ಸಾಕಿತ್ತು, ಕಪ್ ಅವರದೇ. 1-4ರಲ್ಲಿ ಸೋತರು. ಅತ್ತ ತನ್ನೂರು ಜಿಯೊಂಜುವಿನಲ್ಲಿ ಜಿಯೊನ್‌ಬುಕ್ 1-0 ಅಂತರದಲ್ಲಿ ಗಾಂಗ್‌ವನ್ ಮೇಲೆ ಗೆದ್ದಿತು. ಇಬ್ಬರದೂ 79. ಅಂಕ ಸಮ ಆದರೆ ಅಲ್ಲಿ ನೋಡುವುದು ಹೊಡೆದ ಗೋಲು. ಜಿಯೊನ್‌ಬುಕ್ 72, ಉಲ್ಸಾನ್ 71. ಕಪ್ ಜಿಯೊನ್‌ಬುಕ್‌ಗೆ. ಮುಗಿಯಿತು ಕಥೆ.

ಒಂದು ಗೋಲು! ಇಡೀ ವರ್ಷ ಬೆವರು ಹರಿಸಿದ್ದಕ್ಕೆ ಒಂದು ಗೋಲಿನ ನಿಯಮ ತಂದು ಕಪ್ ಕಿತ್ತುಕೊಳ್ಳುವುದಾ? ಎಲ್ಲ ಕಡೆ ಗೋಲು ವ್ಯತ್ಯಾಸ ನೋಡುತ್ತಾರೆ, ಇಲ್ಲವೇ ಪರಸ್ಪರ ಪಂದ್ಯ ನೋಡುತ್ತಾರೆ. ಇವರದೊಂದು ಬೇರೆಯೇ ಲೋಕ. ನನ್ನ ಪ್ರಕಾರ ಉಲ್ಸಾನ್‌ಗೆ ಶುದ್ಧ ಅನ್ಯಾಯ ಆಗಿದೆ. ಇಲ್ಲ ಅನ್ನುವವರು ಬನ್ನಿ.

ಲೆಕ್ಕದ ಮೇಷ್ಟ್ರು
ಬಂದೆ.

ಕಿಟ್ಟಿ, ಗೋಲು ವ್ಯತ್ಯಾಸ ನೋಡಬೇಕಿತ್ತು ಅಂದಿರಲ್ವಾ? ನೋಡೋಣ. ಜಿಯೊನ್‌ಬುಕ್ 72 ಹೊಡೆದು 32 ಬಿಟ್ಟುಕೊಟ್ಟಿತು. ವ್ಯತ್ಯಾಸ 40. ಉಲ್ಸಾನ್ 71 ಹೊಡೆದು 39 ಬಿಟ್ಟುಕೊಟ್ಟಿತು. ವ್ಯತ್ಯಾಸ 32. ಅಂದರೆ ನಿಮ್ಮ ನಿಯಮದಲ್ಲಿ ಉಲ್ಸಾನ್ ಇನ್ನೂ ಜೋರಾಗಿ ಸೋಲುತ್ತಿತ್ತು.

ಪರಸ್ಪರ ಪಂದ್ಯ? ಅದನ್ನೂ ನೋಡೋಣ. ಆ ವರ್ಷ ಇವರಿಬ್ಬರು ನಾಲ್ಕು ಸಲ ಆಡಿದರು. ಮೇನಲ್ಲಿ ಉಲ್ಸಾನ್ 2-1. ಜುಲೈನಲ್ಲಿ 1-1. ಆಗಸ್ಟ್‌ನಲ್ಲಿ ಜಿಯೊನ್‌ಬುಕ್ 3-0. ನವೆಂಬರ್‌ನಲ್ಲಿ ಮತ್ತೆ 1-1. ಆಳಿಗೊಂದು ಗೆಲುವು, ಎರಡು ಡ್ರಾ, ಒಟ್ಟು ಗೋಲು 6-4, ಜಿಯೊನ್‌ಬುಕ್ ಕಡೆಗೆ.

ಯಾವ ಬಾಗಿಲು ತಟ್ಟಿದರೂ ಒಳಗಿಂದ ಜಿಯೊನ್‌ಬುಕ್‌ನ ಹಸಿರು ಜೆರ್ಸಿಯವರೇ ಬರುತ್ತಾರೆ.

ಕೆಂಪುಕಾರ್ಡ್ ಕಿಟ್ಟಿ
ಒಂದು ನಿಮಿಷ. ಗೆಲುವಿನ ಲೆಕ್ಕ ಯಾಕೆ ಬಿಟ್ಟಿರಿ ಮೇಷ್ಟ್ರೇ? ಉಲ್ಸಾನ್ 23 ಪಂದ್ಯ ಗೆದ್ದಿದೆ. ಜಿಯೊನ್‌ಬುಕ್ 22. ಜಾಸ್ತಿ ಗೆದ್ದವರು ಯಾರು ಹೇಳಿ?

ಲೆಕ್ಕದ ಮೇಷ್ಟ್ರು
ಅದು ಸರಿ. ಅದೊಂದೇ ಬಾಗಿಲಲ್ಲಿ ನಿಮ್ಮವರಿದ್ದಾರೆ. ಉಲ್ಸಾನ್ 23 ಗೆಲುವು, 10 ಡ್ರಾ, 5 ಸೋಲು. ಜಿಯೊನ್‌ಬುಕ್ 22, 13, 3. ಆದರೆ ಗೆಲುವಿಗೆ ಮೂರು ಅಂಕ ಅಂತ ಮೊದಲೇ ಕೊಟ್ಟಾಗಿದೆಯಲ್ಲ ಸ್ವಾಮಿ. ಅದೇ ಗೆಲುವಿಗೆ ಎರಡನೇ ಸಲ ಬಹುಮಾನ ಕೇಳಿದರೆ ಹೇಗೆ? ನಾನಾದರೆ ಮೂರೇ ಸಲ ಸೋತವನಿಗೆ ಕೊಡುತ್ತೇನೆ.

ವೆಸ್ಟ್‌ಬ್ಲಾಕ್ ವಿನು
ಈ ವಿಷಯದಲ್ಲಿ ನಮ್ಮ ಬೆಂಗಳೂರಿನವರು ಬಾಯಿ ಮುಚ್ಚಿಕೊಂಡಿರುವುದು ವಾಸಿ 😄 ಅದೇ 2018-19ರ ಐಎಸ್‌ಎಲ್‌ನಲ್ಲಿ ಬೆಂಗಳೂರು ಎಫ್‌ಸಿ, ಎಫ್‌ಸಿ ಗೋವಾ ಇಬ್ಬರೂ 34 ಅಂಕದಲ್ಲಿ ಲೀಗ್ ಮುಗಿಸಿದರು. ಗೋಲು ಹೊಡೆದಿದ್ದು ಗೋವಾ ಜಾಸ್ತಿ, ಗೋಲು ವ್ಯತ್ಯಾಸವೂ ಗೋವಾದ್ದೇ ಜಾಸ್ತಿ. ಆದರೂ ಪಟ್ಟಿಯಲ್ಲಿ ಮೇಲೆ ನಾವು. ಯಾಕೆ? ಪರಸ್ಪರ ಎರಡೂ ಪಂದ್ಯ ನಾವು ಗೆದ್ದಿದ್ದೆವು. ಕೊರಿಯಾ ನಿಯಮ ಇಲ್ಲಿ ಇದ್ದಿದ್ದರೆ ನಾವು ಎರಡನೇ ಸ್ಥಾನ.

ಅವತ್ತು ಕಂಠೀರವದಲ್ಲಿ ಯಾರೂ ನಿಯಮದ ಬಗ್ಗೆ ಗೊಣಗಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಅರಸೀಕೆರೆ ಎಕ್ಸ್‌ಪ್ರೆಸ್
ಕೊರಿಯಾ ಲೀಗ್ ಅಂದರೆ ನನಗೆ ಗೊತ್ತಿರುವುದು ಒಂದೇ. ಅದೇ 2019ರ ಜುಲೈನಲ್ಲಿ ಯುವೆಂಟಸ್ ಸಿಯೋಲ್‌ಗೆ ಬಂದು ಕೆ-ಲೀಗ್ ತಂಡದ ಜೊತೆ 3-3 ಆಡಿತು. ಜನ ದುಡ್ಡು ಕೊಟ್ಟು ಬಂದಿದ್ದು ರೊನಾಲ್ಡೊ ನೋಡಲು. ಪುಣ್ಯಾತ್ಮ ಬೆಂಚಿನಿಂದ ಏಳಲೇ ಇಲ್ಲ. ಅದು ಬಿಟ್ಟರೆ ಆ ಲೀಗ್‌ನಲ್ಲಿ ಏನಿದೆ? ಹ್ಯುಂಡೈ ವಿರುದ್ಧ ಹ್ಯುಂಡೈ. ಯಾರು ಗೆದ್ದರೂ ಶೋರೂಮ್ ಒಂದೇ.

ಉಲ್ಸಾನ್ ವಲಸಿಗ
ಶೋರೂಮ್ ಒಂದೇ ಅಲ್ಲ ಅರಸೀಕೆರೆಯವರೇ. ಜಿಯೊನ್‌ಬುಕ್ ಹಿಂದೆ ಇರುವುದು ಕಾರಿನ ಹ್ಯುಂಡೈ. ಉಲ್ಸಾನ್ ಹಿಂದೆ ಇರುವುದು ಹಡಗಿನ ಹ್ಯುಂಡೈ, ಅಂದರೆ ಹೆವಿ ಇಂಡಸ್ಟ್ರೀಸ್. ಮೂಲ ಒಂದೇ ಮನೆತನ, ಆದರೆ ಪಾಲಾಗಿ ಎಷ್ಟೋ ವರ್ಷ ಆಯಿತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ಮೇಲೆ ಪೈಪೋಟಿ ಹೇಗಿರುತ್ತದೆ ಅಂತ ಹಳ್ಳಿಯವರಿಗೆ ಹೇಳಬೇಕಾ?

ನಾನು ಆಗ ಉಲ್ಸಾನ್‌ನಲ್ಲೇ ಇದ್ದೆ. ಹಡಗಿಗೆ ಸಂಬಂಧಪಟ್ಟ ಕೆಲಸ. ಡಿಸೆಂಬರ್ 1ರ ಪಂದ್ಯಕ್ಕೂ ಹೋಗಿದ್ದೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಾಮೂಲಿ ಮುನ್ಸು ಮೈದಾನ ಅಲ್ಲ ಅದು. ಆ ಪಂದ್ಯ ನಡೆದಿದ್ದು ಊರಿನ ಹಳೇ ಕ್ರೀಡಾಂಗಣದಲ್ಲಿ. ಸುತ್ತ ಓಟದ ಟ್ರ್ಯಾಕ್ ಇರುವಂಥದ್ದು, ಆಟಗಾರರು ದೂರದಲ್ಲಿ ಕಾಣುತ್ತಾರೆ. ಚಳಿ ಬೇರೆ, ಮಳೆ ಬೇರೆ. ಎಲ್ಲರೂ ಪ್ಲಾಸ್ಟಿಕ್ ರೇನ್‌ಕೋಟ್ ಹಾಕಿಕೊಂಡು ಕೂತಿದ್ದರು. ನನ್ನ ಪಕ್ಕ ಒಬ್ಬ ಅಜ್ಜ. ಫ್ಲಾಸ್ಕಿನಿಂದ ಬಾರ್ಲಿ ಟೀ ಬಗ್ಗಿಸಿ ನನಗೂ ಒಂದು ಮುಚ್ಚಳ ಕೊಟ್ಟರು. 2005ರಲ್ಲಿ ಕಪ್ ಗೆದ್ದಾಗಲೂ ಬಂದಿದ್ದೆ ಅಂತ ಬೆರಳಲ್ಲಿ ಎಣಿಸಿ ತೋರಿಸಿದರು. ಹದಿನಾಲ್ಕು.

26ನೇ ನಿಮಿಷಕ್ಕೆ ಪೊಹಾಂಗ್‌ನ ವಾಂಡರ್ಸನ್ ಗೋಲು. ಯಾರೂ ಗಾಬರಿಯಾಗಲಿಲ್ಲ. 36ಕ್ಕೆ ಜೂನಿಯರ್ ನೆಗ್ರಾವ್ ಸಮ ಮಾಡಿದ. ಅಜ್ಜ ನನ್ನ ತೊಡೆಗೆ ಪಟಪಟ ಬಡಿದರು. ಮೂರೇ ನಿಮಿಷ. ಮುಂದಿನ ಸಾಲಿನಲ್ಲಿದ್ದ ಹುಡುಗ ಮೊಬೈಲ್ ನೋಡಿ ಏನೋ ಹೇಳಿದ, ಆ ಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ಜಿಯೊಂಜುವಿನಲ್ಲಿ ಸೊನ್ ಜುನ್-ಹೊ ಗೋಲು ಹೊಡೆದಿದ್ದ. ಆದರೂ ನಮ್ಮದು ಡ್ರಾ ಇತ್ತು, ಕಪ್ ನಮ್ಮ ಕೈಯಲ್ಲೇ ಇತ್ತು. 55ನೇ ನಿಮಿಷಕ್ಕೆ ಇಲ್ಯುಚೆಂಕೊ ಎರಡನೇದು ಹೊಡೆದ. ಅಲ್ಲಿಂದ ಮುಂದೆ ಅಜ್ಜ ಟೀ ಮುಟ್ಟಲಿಲ್ಲ.

ಕೆಂಪುಕಾರ್ಡ್ ಕಿಟ್ಟಿ
ಆಮೇಲೆ ಆ ಥ್ರೋ! ನನಗೆ ನಂಬಲು ಆಗಲಿಲ್ಲ. ಗೋಲ್‌ಕೀಪರ್ ಕಿಮ್ ಸುಂಗ್-ಗ್ಯು, ಕೊರಿಯಾ ರಾಷ್ಟ್ರೀಯ ತಂಡದ ಕೀಪರ್, ಸೈಡ್‌ಲೈನ್‌ಗೆ ಓಡಿ ಬಂದು ತಾನೇ ಥ್ರೋ-ಇನ್ ಮಾಡುತ್ತಾನೆ. ಚೆಂಡು ನೆಟ್ಟಗೆ ಪೊಹಾಂಗ್‌ನ ಹೊ ಯೊಂಗ್-ಜುನ್ ಕಾಲಿಗೆ. ಗೋಲಿನಲ್ಲಿ ಯಾರೂ ಇಲ್ಲ. 87ನೇ ನಿಮಿಷ, 1-3. ಇಂಥವನನ್ನು ಜುಲೈನಲ್ಲಿ ಜಪಾನ್‌ನಿಂದ ವಾಪಸ್ ಕರೆಸಿಕೊಂಡಿದ್ದು ಯಾಕೋ.

ಮಳೆಗಾಲದ ಕೀಪರ್
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇನ್ನು ಆಗಲ್ಲ.

ನಾನು ಹನ್ನೊಂದು ವರ್ಷ ಮಂಗಳೂರು ಕಡೆಯ ಲೋಕಲ್ ಟೂರ್ನಿಗಳಲ್ಲಿ ಗೋಲು ಕಾಯ್ದವನು. ಜುಲೈ ಮಳೆಯಲ್ಲಿ ಒದ್ದೆ ಚೆಂಡು ಕೈಯಲ್ಲಿ ಹಿಡಿದು ನೋಡಿ, ಸೋಪು ಹಚ್ಚಿದ ಹಲಸಿನಕಾಯಿ ಇದ್ದಂತೆ ಇರುತ್ತದೆ. ಅದು ಒಂದು. ಎರಡನೇದು, ಕೀಪರ್‌ಗೆ ಥ್ರೋ-ಇನ್ ಅಭ್ಯಾಸವೇ ಇರಲ್ಲ. ನಾವು ಎಸೆಯುವುದು ಒಂದೇ ಕೈಯಲ್ಲಿ, ತೋಳು ಬೀಸಿ. ಎರಡು ಕೈ ತಲೆ ಮೇಲೆ ತಂದು ಎಸೆಯುವುದು ಬ್ಯಾಕ್‌ಗಳ ಕೆಲಸ.

ಮತ್ತೆ ಅವನು ಯಾಕೆ ಓಡಿ ಬಂದ? ತಂಡ 1-2 ಹಿಂದಿದೆ, ಮೂರು ನಿಮಿಷ ಉಳಿದಿದೆ, ಉಳಿದವರೆಲ್ಲ ಮುಂದೆ ಹೋಗಿದ್ದಾರೆ. ಒಂದೊಂದು ಸೆಕೆಂಡ್ ಉಳಿಸಲು ಬಂದ.

ಈಗ ಮುಖ್ಯ ಮಾತು. ಆ ಗೋಲು ಬೀಳದೇ ಇದ್ದಿದ್ದರೆ ಏನಾಗುತ್ತಿತ್ತು? ಪಂದ್ಯ 1-2ರಲ್ಲೇ ಮುಗಿಯುತ್ತಿತ್ತು. ಉಲ್ಸಾನ್ 79, ಗೋಲು 71. ಕಪ್ ಆಗಲೂ ಜಿಯೊನ್‌ಬುಕ್‌ಗೇ. ಬಿಟ್ಟುಕೊಟ್ಟ ಗೋಲು ಈ ನಿಯಮದಲ್ಲಿ ಮೊದಲ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಪ್ರಪಂಚವೆಲ್ಲ ಹಾಕಿ ಹಾಕಿ ನೋಡಿದ ಆ ತಪ್ಪಿನಿಂದ ಉಲ್ಸಾನ್ ಕಳೆದುಕೊಂಡಿದ್ದು ಒಂದು ಕಾಳೂ ಇಲ್ಲ. ಮಾನ ಬಿಟ್ಟರೆ.

ಲೆಕ್ಕದ ಮೇಷ್ಟ್ರು
ಇದು ನನಗೂ ಹೊಳೆದಿರಲಿಲ್ಲ. ಭಲೇ.

ಇನ್ನೂ ಒಂದು ತಮಾಷೆ ಸೇರಿಸಿ. ಉಲ್ಸಾನ್ ಅವತ್ತು 3-4ರಲ್ಲಿ ಸೋತಿದ್ದರೆ ಚಾಂಪಿಯನ್! ಗೋಲು 73 ಆಗುತ್ತಿತ್ತು, ಜಿಯೊನ್‌ಬುಕ್ 72ರಲ್ಲೇ ಇರುತ್ತಿತ್ತು. 2016ರಿಂದ ಈ ನಿಯಮ ಇರುವುದೇ ಅದಕ್ಕೆ, ಡಿಫೆನ್ಸ್‌ನಲ್ಲಿ ಕಲ್ಲು ಹಾಕಿಕೊಂಡು ಕೂರಬೇಡಿ, ಗೋಲು ಹೊಡೆಯಿರಿ ಅಂತ. ಕಿಟ್ಟಿಯವರು ಬೈಯುತ್ತಿರುವ ನಿಯಮ ಸೋತವರಿಗೂ ಒಂದು ಕಿಂಡಿ ಬಿಟ್ಟಿತ್ತು.

ಕೆಂಪುಕಾರ್ಡ್ ಕಿಟ್ಟಿ
ನಾಲ್ಕು ಗೋಲು ತಿಂದು ಚಾಂಪಿಯನ್ ಆಗಬಹುದಾದ ನಿಯಮ ಒಳ್ಳೇ ನಿಯಮ ಅಂತ ಹೇಳುತ್ತಿದ್ದೀರಾ? ನೀವೇ ನನ್ನ ವಾದ ಗೆಲ್ಲಿಸುತ್ತಿದ್ದೀರಿ.

ವೆಸ್ಟ್‌ಬ್ಲಾಕ್ ವಿನು
ಕಿಟ್ಟಿ, ನೀವು ಕ್ರಿಕೆಟ್ ನೋಡುತ್ತೀರಲ್ವಾ? 2024ರ ಮೇ 18, ಚಿನ್ನಸ್ವಾಮಿ. ಚೆನ್ನೈ ಮೇಲೆ ಸುಮ್ನೆ ಗೆದ್ದರೆ ಸಾಲದು, 18 ರನ್‌ನಿಂದ ಗೆಲ್ಲಬೇಕು ಅಂತ ಇತ್ತು. 27 ರನ್‌ನಿಂದ ಗೆದ್ದೆವು, ಇಬ್ಬರದೂ 14 ಅಂಕ, ರನ್ ರೇಟ್‌ನಲ್ಲಿ ಒಳಗೆ. ಅವತ್ತು ರಾತ್ರಿ ಎರಡು ಗಂಟೆವರೆಗೆ ರಸ್ತೆಯಲ್ಲಿ ಕುಣಿದವರು "ಅಯ್ಯೋ ಚೆನ್ನೈಗೆ ಅನ್ಯಾಯ" ಅಂತ ಯಾರಾದರೂ ಅಂದರಾ? ಅಂಕ ಸಮ ಆದಾಗ ಯಾವ ನಿಯಮ ತಂದರೂ ಒಬ್ಬರು ಅಳುತ್ತಾರೆ. ಮೊದಲೇ ಎಲ್ಲರಿಗೂ ಗೊತ್ತಿದ್ದರೆ ಸಾಕು.

ಕೆಂಪುಕಾರ್ಡ್ ಕಿಟ್ಟಿ
ಆರ್‌ಸಿಬಿಯನ್ನು ಮಧ್ಯೆ ತಂದರೆ ನಾನು ಮಾತಾಡಲ್ಲ. ಅದು ಮೋಸದ ವಾದ 😠

ಉಲ್ಸಾನ್ ವಲಸಿಗ
ನಿಯಮದ ಜಗಳ ನೀವು ಮಾಡಿಕೊಳ್ಳಿ. ಉಲ್ಸಾನ್‌ನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರ ಬಾಯಲ್ಲೂ ನಿಯಮದ ಮಾತು ಬರಲಿಲ್ಲ. ಮಾರನೇ ದಿನ ಕ್ಯಾಂಟೀನಿನಲ್ಲಿ ಕೇಳಿದ ಮಾತು ಒಂದೇ: "ಮತ್ತೆ ಪೊಹಾಂಗ್."

ಯಾಕೆಂದರೆ ಇದು ಎರಡನೇ ಸಲ. 2013ರಲ್ಲೂ ಕೊನೇ ಪಂದ್ಯ, 2013ರಲ್ಲೂ ಡಿಸೆಂಬರ್ 1, ಆಗಲೂ ಉಲ್ಸಾನ್‌ನಲ್ಲೇ, ಆಗಲೂ ಎದುರಾಳಿ ಪೊಹಾಂಗ್, ಆಗಲೂ ಉಲ್ಸಾನ್‌ಗೆ ಡ್ರಾ ಸಾಕಿತ್ತು. 95ನೇ ನಿಮಿಷದವರೆಗೆ 0-0. ಗೋಲಿನ ಮುಂದೆ ತಳ್ಳಾಟ, ಕಿಮ್ ವನ್-ಇಲ್ ಅನ್ನುವ ಡಿಫೆಂಡರ್ ಕಾಲು ಹಾಕಿದ, ಚೆಂಡು ಒಳಗೆ. ಆ ಸಲ ಕಪ್ ಎತ್ತಿದ್ದು ಪೊಹಾಂಗ್ ತಾನೇ. ಅವತ್ತೂ ಗೋಲಿನಲ್ಲಿ ನಿಂತಿದ್ದವನು ಯಾರು ಗೊತ್ತಾ? ಇದೇ ಕಿಮ್ ಸುಂಗ್-ಗ್ಯು.

ಮಳೆಗಾಲದ ಕೀಪರ್
ಛೆ. ಪಾಪ ಮನುಷ್ಯ.

ಲೆಕ್ಕದ ಮೇಷ್ಟ್ರು
ವಲಸಿಗರೇ, ನೀವು ಬಾಯಿ ಬಿಟ್ಟಿದ್ದು ಒಳ್ಳೇದಾಯಿತು. ನಾನು ಈಗ ಕೂತು 2019ರ ಉಲ್ಸಾನ್ ಸೋಲುಗಳನ್ನು ಮಾತ್ರ ಬೇರೆ ತೆಗೆದೆ. ಇಡೀ ವರ್ಷಕ್ಕೆ ಐದು. ಅದರಲ್ಲಿ ಮೂರು ಪೊಹಾಂಗ್ ಕೈಯಲ್ಲಿ! ಮೇನಲ್ಲಿ 1-2, ಅಕ್ಟೋಬರ್‌ನಲ್ಲಿ 1-2, ಡಿಸೆಂಬರ್‌ನಲ್ಲಿ 1-4. ಜೂನ್‌ನಲ್ಲಿ ಒಂದೇ ಸಲ 1-0 ಗೆದ್ದಿದ್ದಾರೆ.

ಒಂಬತ್ತು ಅಂಕ ಪಕ್ಕದೂರಿಗೆ ಧಾರೆ ಎರೆದಿದ್ದಾರೆ. ಆ ಮೂರರಲ್ಲಿ ಯಾವುದಾದರೂ ಒಂದು ಡ್ರಾ ಆಗಿದ್ದರೆ 80 ಅಂಕ, ಕಪ್ ಅವರದು. ಗೋಲು ಎಣಿಸುವ ಮಾತೇ ಬರುತ್ತಿರಲಿಲ್ಲ. ಕಿಟ್ಟಿ, ನಿಮ್ಮ ಅಪರಾಧಿ ನಿಯಮದ ಪುಸ್ತಕದಲ್ಲಿ ಇಲ್ಲ. ಹೆದ್ದಾರಿಯಲ್ಲಿ ಸ್ವಲ್ಪ ಉತ್ತರಕ್ಕೆ ಹೋದರೆ ಸಿಗುತ್ತಾನೆ, ಉಕ್ಕಿನ ಕಾರ್ಖಾನೆ ಪಕ್ಕ.

ಅರಸೀಕೆರೆ ಎಕ್ಸ್‌ಪ್ರೆಸ್
ಪೊಹಾಂಗ್‌ಗೆ ಆ ಕೊನೇ ಪಂದ್ಯ ಗೆದ್ದು ಏನು ಸಿಕ್ಕಿತು?

ಲೆಕ್ಕದ ಮೇಷ್ಟ್ರು
ಹೆಚ್ಚುಕಡಿಮೆ ಏನೂ ಇಲ್ಲ. ನಾಲ್ಕನೇ ಸ್ಥಾನ. ಮೂರನೇ ಸ್ಥಾನಕ್ಕೆ, ಅಂದರೆ ಏಷ್ಯಾ ಚಾಂಪಿಯನ್ಸ್ ಲೀಗ್ ಟಿಕೆಟ್‌ಗೆ, ಎಫ್‌ಸಿ ಸಿಯೋಲ್ ಮತ್ತು ದೇಗು ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದರು. ಅದು 0-0 ಆಗಿ ಸಿಯೋಲ್‌ಗೆ ಹೋಯಿತು.

(ಕನ್ನಡದಲ್ಲಿ ಕೆಲವರು ಸಿಯೋಲ್ ಅನ್ನು ಸೋಲ್ ಅಂತ ಬರೆಯುತ್ತಾರೆ. ಒಂದು ಫುಟ್‌ಬಾಲ್ ತಂಡಕ್ಕೆ ಇದಕ್ಕಿಂತ ಅಪಶಕುನದ ಹೆಸರು ಇನ್ನೊಂದಿಲ್ಲ.)

ಉಲ್ಸಾನ್ ವಲಸಿಗ
ಏನೂ ಸಿಗದಿದ್ದರೂ ಆಡುತ್ತಾರೆ, ಅದೇ ಡರ್ಬಿ, ಅಂದರೆ ಅಕ್ಕಪಕ್ಕದ ಊರಿನವರ ಜಿದ್ದಿನ ಪಂದ್ಯ. ಪೂರ್ವ ಕರಾವಳಿಯ ಡರ್ಬಿ ಅಂತಲೇ ಹೆಸರು. ನಾವು ಮೂರನೇ ಗೋಲು ತಿಂದಾಗ ಸ್ಟೇಡಿಯಂನ ಒಂದು ಮೂಲೆಯಲ್ಲಿ ಮಾತ್ರ ಸದ್ದಿತ್ತು. ಕೆಂಪು ಕಪ್ಪು ಪಟ್ಟೆಯವರ ಮೂಲೆ. ಉಳಿದ ಕಡೆ ಮಳೆ ರೇನ್‌ಕೋಟಿನ ಮೇಲೆ ಬೀಳುವ ಸದ್ದು. ಕೊನೆಗೆ ಪಾಲೊಚೆವಿಚ್ ಪೆನಾಲ್ಟಿಯಲ್ಲಿ ನಾಲ್ಕನೇದು ಹೊಡೆದಾಗ ಅಜ್ಜ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

ಮೈದಾನದಲ್ಲಿ ನಮ್ಮ ಕಿಮ್ ಬೊ-ಕ್ಯುಂಗ್ ಅಳುತ್ತಿದ್ದ. ಮಾರನೇ ದಿನ ಅವನಿಗೇ ವರ್ಷದ ಎಂವಿಪಿ, ಅಂದರೆ ಲೀಗ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ. 13 ಗೋಲು, 9 ಅಸಿಸ್ಟ್.

ಅರಸೀಕೆರೆ ಎಕ್ಸ್‌ಪ್ರೆಸ್
ಸೋತ ತಂಡದವನಿಗೆ ಎಂವಿಪಿ? ಅದು ಸಮಾಧಾನಕರ ಬಹುಮಾನ. ಗೆದ್ದ ಜಿಯೊನ್‌ಬುಕ್‌ನಲ್ಲಿ ಆಡುವವರು ಇರಲಿಲ್ಲವಾ?

ವೆಸ್ಟ್‌ಬ್ಲಾಕ್ ವಿನು
ಇದ್ದರು. ಮೂನ್ ಸೊನ್-ಮಿನ್ 10 ಗೋಲು, 10 ಅಸಿಸ್ಟ್. ಆದರೆ ಜಿಯೊನ್‌ಬುಕ್‌ನ ಮಜಾನೇ ಅದು, ಒಬ್ಬನ ಮೇಲೆ ನಿಂತ ತಂಡ ಅಲ್ಲ. ಅವರ ಎತ್ತರದ ಸ್ಟ್ರೈಕರ್ ಕಿಮ್ ಶಿನ್-ವುಕ್ ಜುಲೈನಲ್ಲಿ ಶಾಂಘೈಗೆ ಹೊರಟುಹೋದ. ಸೀಸನ್ ಅರ್ಧಕ್ಕೆ ಮುಖ್ಯ ಸ್ಟ್ರೈಕರ್ ಹೋದರೆ ಬೇರೆ ತಂಡ ಕುಸಿಯುತ್ತದೆ. ಇವರು 38 ಪಂದ್ಯದಲ್ಲಿ ಮೂರು ಸಲ ಮಾತ್ರ ಸೋತರು. 40 ವಯಸ್ಸಿನ ಲೀ ಡಾಂಗ್-ಗುಕ್ ಇನ್ನೂ ಆಡುತ್ತಿದ್ದ. ಕೋಚ್ ಜೋಸೆ ಮೊರೈಸ್, ಮೊದಲು ಹೆಸರಾಂತ ಕೋಚ್ ಮೌರಿನ್ಯೊ ಕೈಕೆಳಗೆ ಇದ್ದವರು, ಬಂದ ಮೊದಲ ವರ್ಷವೇ ಕಪ್. ಅದು ಅವರ ಸತತ ಮೂರನೇದು, ಒಟ್ಟು ಏಳನೇದು.

ಅಂದಹಾಗೆ ನಮ್ಮ ಬೆಂಗಳೂರಿನ ಮಿಡ್‌ಫೀಲ್ಡ್ ಕಂಬ ಎರಿಕ್ ಪಾರ್ತಾಲು 2017ರಲ್ಲಿ ಇಲ್ಲಿಗೆ ಬರುವ ಮುಂಚೆ, 2016ರಲ್ಲಿ, ಕೆಲಕಾಲ ಜಿಯೊನ್‌ಬುಕ್ ಜೆರ್ಸಿ ಹಾಕಿದ್ದ. ಆದ್ದರಿಂದ ನಾನು ಹಸಿರು ಕಡೆ. ಇದಕ್ಕಿಂತ ದೊಡ್ಡ ಕಾರಣ ಕೇಳಬೇಡಿ.

ಕೆಂಪುಕಾರ್ಡ್ ಕಿಟ್ಟಿ
ಹಾಗೆ ನೋಡಿದರೆ ಉಲ್ಸಾನ್ ಕೋಚ್ ಕಿಮ್ ಡೊ-ಹೂನ್ ಕೂಡ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡರು. ಆಗಸ್ಟ್‌ನಲ್ಲಿ ದೇಗು ಪಂದ್ಯದಲ್ಲಿ ರೆಫರಿ ಜೊತೆ ಜಗಳ, ರೆಡ್ ಕಾರ್ಡ್. ಕೆಲವೇ ದಿನಕ್ಕೆ ಜಿಯೊಂಜುವಿನಲ್ಲಿ 0-3. ಕೋಚ್ ಬೆಂಚಿನಲ್ಲಿ ಇಲ್ಲ. ನನ್ನ ಹೆಸರು ನೋಡಿ ನಗಬೇಡಿ, ರೆಡ್ ಕಾರ್ಡ್ ಬಗ್ಗೆ ನನಗೆ ಗೌರವ ಇದೆ, ಆದರೆ ಸಮಯ ಸಂದರ್ಭ ಬೇಡವಾ?

ಅರಸೀಕೆರೆ ಎಕ್ಸ್‌ಪ್ರೆಸ್
ಸರಿ, ಮೇಲಿನ ಇಬ್ಬರ ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಆ ಪದ್ಧತಿ ನೋಡಿ. ಹನ್ನೆರಡು ತಂಡ, ಒಬ್ಬರ ಜೊತೆ ಮೂರು ಸಲ ಆಡಿ 33 ಸುತ್ತು. ಆಮೇಲೆ ಮೇಲಿನ ಆರು ಒಂದು ಕಡೆ, ಕೆಳಗಿನ ಆರು ಇನ್ನೊಂದು ಕಡೆ, ಮತ್ತೆ ಐದು ಸುತ್ತು. ಕೆಳಗಿನ ಆರಕ್ಕೆ ಕಪ್ಪೂ ಇಲ್ಲ, ಏನೂ ಇಲ್ಲ. ಅದನ್ನು ಯಾರು ನೋಡುತ್ತಾರೆ?

ನೀಲಿ ಕಪ್ಪು
ನಾನು ನೋಡಿದೆ. ಅಳುತ್ತಾ ನೋಡಿದೆ.

ನಾನು ಇಂಚಿಯಾನ್ ಯುನೈಟೆಡ್ ಕಡೆಯವಳು. ಎರಡು ವರ್ಷ ಅಲ್ಲಿ ಓದಿದ್ದಕ್ಕೆ ಅಂಟಿಕೊಂಡ ರೋಗ. ಆಗೆಲ್ಲ ನಮ್ಮ ತಂಡ ಪ್ರತಿ ವರ್ಷ ಕೆಳಗಿನ ದರ್ಜೆಗೆ ಮುಳುಗುವ ಹಾಗೆ ಆಗುತ್ತಿತ್ತು, ಪ್ರತಿ ವರ್ಷ ಕೊನೇ ಗಳಿಗೆಯಲ್ಲಿ ಮೂಗು ಮೇಲೆ ತರುತ್ತಿತ್ತು. ಉಳಿಯುವ ರಾಜ ಅಂತ ಬಿರುದು ಬೇರೆ.

2019ರ ಮೇನಲ್ಲಿ ಯೂ ಸಾಂಗ್-ಚುಲ್ ಕೋಚ್ ಆಗಿ ಬಂದರು. ಹೆಸರು ಕೇಳಿರಬಹುದು. 2002ರ ವಿಶ್ವಕಪ್‌ನಲ್ಲಿ ಪೋಲೆಂಡ್ ಮೇಲೆ ಎರಡನೇ ಗೋಲು ಹೊಡೆದವರು. ನವೆಂಬರ್ 19ಕ್ಕೆ ಅವರೇ ಅಭಿಮಾನಿಗಳಿಗೆ ಕಾಗದ ಬರೆದರು: ನನಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್, ನಾಲ್ಕನೇ ಹಂತ. ಆದರೂ ಸೀಸನ್ ಮುಗಿಯುವವರೆಗೆ ಬೆಂಚಿನಲ್ಲೇ ಇರುತ್ತೇನೆ ಅಂದರು. ಐದು ದಿನಕ್ಕೆ ಸಾಂಗ್ಜು ವಿರುದ್ಧ ನಮ್ಮ ಮೈದಾನದಲ್ಲಿ ಪಂದ್ಯ. 2-0. ಮೇನಲ್ಲಿ ಬಂದ ಕೋಚ್‌ಗೆ ತವರಲ್ಲಿ ಅದೇ ಮೊದಲ ಗೆಲುವು, ನವೆಂಬರ್ ಕೊನೆಗೆ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನವೆಂಬರ್ 30. ಚಾಂಗ್‌ವನ್‌ನಲ್ಲಿ ಗ್ಯೊಂಗ್‌ನಾಮ್ ಎದುರು ಕೊನೇ ಪಂದ್ಯ. ಸೋಲಬಾರದು, ಅಷ್ಟೇ. 0-0. ನಮಗೆ 34 ಅಂಕ, ಅವರಿಗೆ 33. ಉಳಿದೆವು. ಇಡೀ ವರ್ಷದಲ್ಲಿ ಅಷ್ಟು ಕೆಟ್ಟ ಆಟ, ಅಷ್ಟು ಒಳ್ಳೇ ಪಂದ್ಯ ನಾನು ಇನ್ನೊಂದು ನೋಡಿಲ್ಲ. ಪಂದ್ಯ ಮುಗಿದ ಮೇಲೆ ನಮ್ಮವರು ಒಂದು ಬ್ಯಾನರ್ ಬಿಚ್ಚಿದರು: "ಉಳಿದಿರುವ ಇನ್ನೊಂದು ಮಾತನ್ನೂ ತಪ್ಪದೆ ಉಳಿಸಿಕೊಡಿ." ತಂಡ ಉಳಿಸುತ್ತೇನೆ ಅನ್ನುವುದು ಮೊದಲ ಮಾತು, ಉಳಿಸಿದರು. ಕಾಯಿಲೆ ಗೆದ್ದು ಬರುತ್ತೇನೆ ಅನ್ನುವುದು ಎರಡನೇದು.

2021ರ ಜೂನ್‌ನಲ್ಲಿ ತೀರಿಕೊಂಡರು.

ಉಲ್ಸಾನ್ ವಲಸಿಗ
ಇದನ್ನು ಓದಿ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಯೂ ಮೊದಲು ನಮ್ಮವರು. ಉಲ್ಸಾನ್ ತಂಡದ ಆಟಗಾರ. 2019ಕ್ಕೆ ಮುಂಚೆ ಉಲ್ಸಾನ್ ಗೆದ್ದಿದ್ದು ಎರಡೇ ಲೀಗ್, 1996 ಮತ್ತು 2005. ಎರಡರಲ್ಲೂ ಅವರು ತಂಡದಲ್ಲಿದ್ದರು. ಡಿಸೆಂಬರ್ 1ರಂದು ಅಜ್ಜ ಮೊದಲು ಮಾತಾಡಿದ್ದೇ ಇಂಚಿಯಾನ್ ಉಳಿಯಿತಲ್ಲ ಅನ್ನುವುದರ ಬಗ್ಗೆ. ಆಗ ನನಗೆ ಯಾಕೆ ಅಂತ ಅರ್ಥ ಆಗಿರಲಿಲ್ಲ.

ಅರಸೀಕೆರೆ ಎಕ್ಸ್‌ಪ್ರೆಸ್
ಯಾರು ನೋಡುತ್ತಾರೆ ಅಂದ ಮಾತು ವಾಪಸ್ ತಗೊಂಡೆ.

ಆ ವರ್ಷ ಕೆಳಗೆ ಇಳಿದವರು ಯಾರು ಹಾಗಾದರೆ?

ಲೆಕ್ಕದ ಮೇಷ್ಟ್ರು
ಜೇಜು ಯುನೈಟೆಡ್ ಕೊನೇ ಸ್ಥಾನ, ನೇರ ಎರಡನೇ ದರ್ಜೆಗೆ. ಹನ್ನೊಂದನೇ ಸ್ಥಾನದ ಗ್ಯೊಂಗ್‌ನಾಮ್ ಪ್ಲೇಆಫ್‌ನಲ್ಲಿ ಬೂಸಾನ್ ಐಪಾರ್ಕ್ ಎದುರು ಸೋತು ಇಳಿಯಿತು.

ಈಗ ಇದನ್ನು ಓದಿ. 2017ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ ಯಾರದು? ಜೇಜು. 2018ರಲ್ಲಿ? ಗ್ಯೊಂಗ್‌ನಾಮ್. ಹಿಂದಿನ ಎರಡು ವರ್ಷದ ರನ್ನರ್‌ಅಪ್‌ಗಳು ಒಟ್ಟಿಗೆ ಬಾವಿಗೆ ಬಿದ್ದರು. ಆ ಲೆಕ್ಕದಲ್ಲಿ 2019ರ ರನ್ನರ್‌ಅಪ್ ಉಲ್ಸಾನ್ ಬೆಚ್ಚಿಬೀಳಬೇಕಿತ್ತು.

ಕೆಂಪುಕಾರ್ಡ್ ಕಿಟ್ಟಿ
ಬೀಳಲಿಲ್ಲ ಅಲ್ವಾ? 2020ರಲ್ಲೂ ಎರಡನೇ ಸ್ಥಾನ, 2021ರಲ್ಲೂ ಎರಡನೇ ಸ್ಥಾನ. ಎರಡೂ ಸಲ ಮುಂದೆ ಜಿಯೊನ್‌ಬುಕ್. ಅದಕ್ಕಿಂತ ಬಿದ್ದುಹೋಗುವುದೇ ವಾಸಿ ಅನ್ನಿಸಿರಬೇಕು.

ಅಷ್ಟೇ ಅಲ್ಲ, ಅತ್ತುಕೊಂಡು ಎಂವಿಪಿ ತಗೊಂಡ ಕಿಮ್ ಬೊ-ಕ್ಯುಂಗ್ 2020ಕ್ಕೆ ಎಲ್ಲಿಗೆ ಹೋದ ಗೊತ್ತಾ? ಜಿಯೊನ್‌ಬುಕ್‌ಗೆ! ಕಣ್ಣೀರು ಒಣಗಲು ಬಿಡಲಿಲ್ಲ.

ಉಲ್ಸಾನ್ ವಲಸಿಗ
ಗಾಯದ ಮೇಲೆ ಉಪ್ಪು ಹಾಕಬೇಡಿ. 2020ರಲ್ಲಿ ಏಷ್ಯಾ ಚಾಂಪಿಯನ್ಸ್ ಲೀಗ್ ಗೆದ್ದಿದ್ದು ಯಾರು ಅಂತಲೂ ಒಂದು ಸಾಲು ಹಾಕಿ.

ಮಳೆಗಾಲದ ಕೀಪರ್
ಪೊಹಾಂಗ್ ಬಗ್ಗೆ ಯಾರೂ ಒಂದು ಪಂದ್ಯ ನೆನಪಿಸಲಿಲ್ಲ. ಉಲ್ಸಾನ್ ಮನೆ ಮುರಿದ ಇದೇ ಪೊಹಾಂಗ್, ಅದೇ ವರ್ಷ ಜೂನ್ 23ರಂದು ಗಾಂಗ್‌ವನ್ ಎದುರು 4-0 ಮುಂದಿತ್ತು. 70 ನಿಮಿಷ ಕಳೆದರೂ 4-0. ಮುಗಿದಾಗ? 4-5. ಚೊ ಜೇ-ವಾನ್ ಹ್ಯಾಟ್ರಿಕ್. 90 ನಿಮಿಷ ದಾಟಿದ ಮೇಲೆ ಮೂರು ಗೋಲು, ಕೊನೇದು ಜುಂಗ್ ಜೊ-ಗುಕ್ ತಲೆಯಿಂದ. ಕೆ-ಲೀಗ್‌ನಲ್ಲಿ 0-4ರಿಂದ ಎದ್ದು ಗೆದ್ದಿದ್ದು ಅದೇ ಮೊದಲು. ಆ ದಿನ ಪೊಹಾಂಗ್ ಕೀಪರ್ ಮುಖ ನೋಡಿದರೆ ಕಿಟ್ಟಿಯವರು ಮುಂದೆ ಯಾವ ಕೀಪರ್‌ಗೂ ಬೈಯಲ್ಲ.

ಕೆಂಪುಕಾರ್ಡ್ ಕಿಟ್ಟಿ
ಕೀಪರ್ ವಿಷಯದಲ್ಲಿ ಸೋತೆ. ಕಿಮ್ ಸುಂಗ್-ಗ್ಯುಗೆ ಅಂದಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಪೊಹಾಂಗ್ ವಿಷಯದಲ್ಲಿ ಮೇಷ್ಟ್ರು ಹೇಳಿದ್ದೂ ಸರಿ, ಐದರಲ್ಲಿ ಮೂರು ಅಂದರೆ ನಿಯಮದ ಮೇಲೆ ಗೂಬೆ ಕೂರಿಸಲು ಆಗಲ್ಲ. ಆದರೆ 23 ಗೆಲುವು 22ಕ್ಕಿಂತ ಜಾಸ್ತಿ. ಅದನ್ನು ಮಾತ್ರ ಬಿಡಲ್ಲ.

ಲೆಕ್ಕದ ಮೇಷ್ಟ್ರು
ಬಿಡಬೇಡಿ. ಒಂದಾದರೂ ಇರಲಿ.

ನೀಲಿ ಕಪ್ಪು
ವಲಸಿಗರೇ, ಆ ಅಜ್ಜ ಆಮೇಲೆ ಸಿಕ್ಕಿದರಾ?

ಉಲ್ಸಾನ್ ವಲಸಿಗ
2020ರಲ್ಲಿ ನಾನು ಮೈಸೂರಿಗೆ ವಾಪಸ್ ಬಂದೆ. ಆದರೆ ಅವತ್ತು ಹೊರಡುವ ಮುಂಚೆ ಅಜ್ಜ ನನ್ನ ಮೊಬೈಲ್ ಇಸಿದುಕೊಂಡು ತಮ್ಮ ಐಡಿ ಸೇರಿಸಿಕೊಂಡಿದ್ದರು. ವರ್ಷಕ್ಕೊಂದು ಸಲ ಹೊಸ ವರ್ಷದ ಶುಭಾಶಯ, ಅಷ್ಟೇ ಮಾತು.

2022ರ ಅಕ್ಟೋಬರ್ 16, ಭಾನುವಾರ. ಉಲ್ಸಾನ್ ಚುಂಚಿಯಾನ್‌ನಲ್ಲಿ ಗಾಂಗ್‌ವನ್ ಮೇಲೆ 2-1 ಗೆದ್ದಿತು. ಒಂದು ಸುತ್ತು ಇನ್ನೂ ಬಾಕಿ ಇರುವಾಗಲೇ ಕಪ್, 17 ವರ್ಷದ ಮೇಲೆ. ಕೊನೇ ದಿನದವರೆಗೆ ಎಳೆಯಲಿಲ್ಲ, ಪೊಹಾಂಗ್ ಕೂಡ ಎದುರಿಗಿರಲಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ಮೊಬೈಲ್‌ನಲ್ಲಿ ನೋಡಿದೆ. ಸ್ವಲ್ಪ ಹೊತ್ತಿಗೆ ಅಜ್ಜನಿಂದ ಒಂದು ಫೋಟೊ ಬಂತು. ಜನ ಇಲ್ಲ, ಕಪ್ ಇಲ್ಲ. ಟೇಬಲ್ ಮೇಲೆ ಫ್ಲಾಸ್ಕು, ಪಕ್ಕದಲ್ಲಿ ಎರಡು ಮುಚ್ಚಳ ಟೀ.

ಕೆಂಪುಕಾರ್ಡ್ ಕಿಟ್ಟಿ
ಸುಮ್ನಿರಿ ಮಾರಾಯ್ರೇ, ಆಫೀಸಿನಲ್ಲಿ ಕೂತಿದ್ದೇನೆ.

ಕೀಪರ್ ಸಾಹೇಬ್ರೇ, ಆ 4-5 ಪಂದ್ಯ ಪೂರ್ತಿ ಎಲ್ಲಿ ಸಿಗುತ್ತದೆ? ಬರೀ ಗೋಲು ಬೇಡ, 70ನೇ ನಿಮಿಷದಿಂದ ಬೇಕು.